ಬಾಗಿಲು ಮುಚ್ಚುವುದರೊಳಗೆ

ಅಪ್ಪ ಅನ್ನ ಬೇಯಿಸುವ ಡಂಡಂಗ್ ಬಡಿಯುತ್ತಿದ್ದ,
ಪುರ್ಬಲಿಂಗಾದ ಇದೇ ಓಣಿಯಲ್ಲಿ, ತಾಮ್ರದಲ್ಲಿ.
ನಾನು ಬಡಿಯುವುದು ಹೊಗೆಕೊಳವೆ, ತಗಡಿನಲ್ಲಿ.
ಇಲ್ಲಿ ಅದಕ್ಕೆ ಕ್ನಾಲ್ಪೊಟ್ ಅನ್ನುತ್ತೇವೆ,
ಡಚ್ಚರು ಹೋಗುವಾಗ ಮರೆತುಬಿಟ್ಟ ಮಾತು:
ಢಂ ಅನ್ನುವ ಗಡಿಗೆ.

ಆಕಾರ ಬದಲಾಗಿಲ್ಲ.
ಅಕ್ಕಿಯನ್ನು ಹಬೆಯಲ್ಲಿಡುವ ಬಿದಿರಿನ ಕುಕುಸಾನ್ ನೋಡಿ,
ಮೊನೆ ಕೆಳಗೆ, ಬಾಯಿ ಮೇಲೆ.
ಅದನ್ನೇ ಮಲಗಿಸಿ, ಎದುರಿಗೆ ಇನ್ನೊಂದಿಟ್ಟು
ಬಾಯಿಗೆ ಬಾಯಿ ಬೆಸೆದರೆ
ಟೂ ಸ್ಟ್ರೋಕ್ ಬೈಕಿನ ಹೊಟ್ಟೆ.

ನೂರಮೂವತ್ತೈದು ಸಿಸಿ. ಕವಾಟವಿಲ್ಲದ ಸಿಲಿಂಡರು.
ಹೊಗೆ ಹೋಗುವ ಬಾಗಿಲು, ಹೊಸ ಗಾಳಿ ಬರುವ ಬಾಗಿಲು
ಒಟ್ಟೊಟ್ಟಿಗೆ ತೆರೆದಿರುತ್ತವೆ
ಮದುವೆಮನೆಯ ಹಾಗೆ:
ಉಂಡವರು ಏಳುವ ಮೊದಲೇ ಹಸಿದವರು ನುಗ್ಗುತ್ತಾರೆ,
ಕೆಲವರು ಗಡಿಬಿಡಿಯಲ್ಲಿ ಉಣ್ಣದೆಯೇ
ಹಿಂಬಾಗಿಲಿಂದ ಹೊರಬೀಳುತ್ತಾರೆ.
ಅವರನ್ನು ಕರೆತರುವವರು ಯಾರು?

ಸದ್ದು.
ಹೊರಟ ಸದ್ದು ಮೊದಲ ಶಂಕುವಿನಲ್ಲಿ ಹಿಗ್ಗುತ್ತದೆ,
ಹಿಗ್ಗುತ್ತಾ ಹಿಂದಿನದನ್ನು ಸೆಳೆಯುತ್ತದೆ.
ಎರಡನೆಯದಕ್ಕೆ ಹಣೆ ಚಚ್ಚಿಕೊಂಡು
ತಿರುಗುತ್ತದೆ,
ಹೊರಗೆ ಬಿದ್ದ ಪೆಟ್ರೋಲು ಗಾಳಿಯನ್ನು ಎದೆಯಿಂದ ನೂಕಿ
ಮನೆಯೊಳಗೆ ಹಾಕುತ್ತದೆ,
ಬಾಗಿಲು ಮುಚ್ಚುವುದರೊಳಗೆ.
ಕೊಳವೆ ಒಂದು ಬೆರಳು ಹೆಚ್ಚಾದರೆ ತಡ.
ಒಂದು ಬೆರಳು ಕಡಿಮೆಯಾದರೆ ಬೇಗ.
ನನ್ನ ಇಡೀ ಕಸುಬು ಆ ಒಂದು ಬೆರಳು.

ಲೆಕ್ಕ ಬರೆದಿಟ್ಟವರಿದ್ದಾರೆ, ಇರಲಿ.
ನನಗೆ ಓದಲು ಬರುವುದು ತಗಡಿನ ಬಣ್ಣ:
ಬೆಸುಗೆಯ ಪಕ್ಕ ಮೊದಲು ಜೇನು, ಆಮೇಲೆ ನೇರಳೆ,
ಆಮೇಲೆ ನೀಲಿ. ನೀಲಿ ದಾಟಿದರೆ ಸುಳ್ಳು.

ತಂಗಿಯ ಮಗ ಪ್ರಯೋಗೊ ಒಂದು ಸಂಜೆ
ಗೋಣಿಚೀಲದಲ್ಲಿ ಕಬ್ಬಿಣದ ಬಸವನಹುಳು ತಂದ.
ಟರ್ಬೊ. ಜಪಾನಿನ ಯಾವುದೋ ಪುಟ್ಟ ಕಾರಿನದು,
ಗುಜರಿಯಿಂದ. ಅಂಗೈ ತುಂಬುವಷ್ಟು.
ಬಾಯಿಟ್ಟು ಊದಿದೆ. ಒಳಗಿನ ಚಕ್ರ ನಾಲ್ಕು ಸುತ್ತು ಸುತ್ತಿ
ಮನಸ್ಸಿಲ್ಲದೆ ನಿಂತಿತು.
"ಉವಾ, ಹೋಗುವ ಹೊಗೆ ಇದನ್ನು ತಿರುಗಿಸಲಿ,
ಇದು ಗಾಳಿ ತುರುಕಲಿ. ಬಿಟ್ಟಿ ಶಕ್ತಿ."
ಬಿಟ್ಟಿ!
ಈ ಊರಲ್ಲಿ ಬಿಟ್ಟಿ ಮೆಂಡೊವಾನ್ ಕೂಡ ನಾನು ತಿಂದಿಲ್ಲ.

ಮೊದಲು ಬಾಗಿಲಿಗೇ ಅಂಟಿಸಿದ.
ಚಕ್ರ ತಿರುಗಿತು, ಸದ್ದು ಸತ್ತಿತು.
ಹೋದವರು ಹೋದರು, ಯಾರೂ ಮರಳಲಿಲ್ಲ.
ಬೈಕು ಎಮ್ಮೆಯ ಹಾಗೆ ಹೆಜ್ಜೆಯಿಟ್ಟಿತು
ಹಸಿ ಪೆಟ್ರೋಲು ಹಿಂದಿನಿಂದ ಉಗುಳಿಕೊಂಡು.
ನಾನು ನಗಲಿಲ್ಲ.
ಸುಳ್ಳು. ನಕ್ಕೆ.

ನಾಲ್ಕನೆಯ ರಾತ್ರಿ ನಾನೇ ಕತ್ತರಿ ತೆಗೆದೆ.
ಅವನದು ಹಠ, ನನ್ನದು ಚಟ.
ಶಂಕುಗಳು ಮೊದಲು, ಬಸವನಹುಳು ಬಾಲದ ತುದಿಗೆ.
ಮರಳಬೇಕಾದ್ದು ಮರಳಲಿ, ಮಿಕ್ಕಿದ್ದು ದುಡಿಯಲಿ.
ಕಾವು ಹೆಚ್ಚಿದರೆ ಸದ್ದಿನ ಕಾಲು ಚುರುಕಾಗುತ್ತದೆ,
ಅದಕ್ಕೆಂದು ಒಂದೂವರೆ ಬೆರಳು ಉದ್ದ ಬಿಟ್ಟೆ.

ಬೊಬೊತ್ಸಾರಿಯ ದಾರಿಯಲ್ಲಿ, ನಸುಕಿಗೆ,
ಸ್ಲಾಮೆಟ್ ಬೆಟ್ಟ ಇನ್ನೂ ಮುಖ ತೊಳೆಯದ ಹೊತ್ತು,
ಹೊರಟ.
ಮೊದಲು ಎಂದಿನ ರೇಗಾಟ.
ಆಮೇಲೆ ಅದರ ಮೇಲೊಂದು ಸೀಟಿ,
ತೆಳ್ಳಗೆ, ಏರುತ್ತಾ, ಏರುತ್ತಾ,
ಐವತ್ತೆರಡು ವರ್ಷಗಳಲ್ಲಿ ನಾನು ಕೇಳಿರದ ಸ್ವರ.
ಹನ್ನೊಂದು ಸೆಕೆಂಡು. ಎಣಿಸಿದ್ದೇನೆ.
ಆಮೇಲೆ ಬರೀ ಕಪ್ಪೆಗಳು.

ಪಿಸ್ಟನ್ನಿನ ನೆತ್ತಿಯಲ್ಲಿ ಹುಣಸೆಬೀಜದಷ್ಟು ತೂತು,
ಅಂಚು ಮೇಣದಂತೆ ಇಳಿದಿತ್ತು.
ಹುಡುಗ ಬೈಕು ತಳ್ಳಿಕೊಂಡು ಬಂದ, ಮಸಿಮುಖದ ತುಂಬ ಹಲ್ಲು.
"ಕೇಳಿಸಿತಾ ಉವಾ?"
ಬೈದೆ. ಪಿಸ್ಟನ್ನಿನ ಬೆಲೆ ಹೇಳಿ ಬೈದೆ,
ಅವನ ಹೆತ್ತವಳನ್ನು ಎಳೆದು ತಂದು ಬೈದೆ.
ಆಮೇಲೆ ಟೀ ಕೊಟ್ಟೆ.

ಈಗ ಅದು ನನ್ನ ಬೆಂಚಿನ ಮೇಲಿದೆ,
ತೂತಿಗೆ ಪೆನ್ಸಿಲು ಸಿಕ್ಕಿಸಿಡುತ್ತೇನೆ.
ಕೇಳಿದವರಿಗೆ, ಟರ್ಬೊ ಆಗದ ಮಾತು ಅನ್ನುತ್ತೇನೆ.
ಅನ್ನುತ್ತಲೇ ಆ ಪೆನ್ಸಿಲು ಎಳೆದುಕೊಂಡು
ಹೊಸ ತಗಡಿನ ಮೇಲೆ
ಒಂದೂವರೆಯೋ, ಒಂದೂಮುಕ್ಕಾಲೋ